ಉ: ಗ್ರೇಡಲ್ (ಜಾವಾ ಕೋಡನ್ನ ಕಂಪೈಲ್ ಮಾಡಿ ಪ್ರೋಗ್ರಾಂ ಕಟ್ಟೋ ಟೂಲ್) 6.8ರಿಂದ 7.3ಗೆ ಹೋದ್ಮೇಲೆ ಬಿಲ್ಡ್ ಒಡೀತಿದೆ

ನೀವು ಜಾವಾ 17 ಹಾಕಿದ್ಮೇಲೆ ಮೊದ್ಲು 'ಮೇಜರ್ ವರ್ಷನ್ 61' ಎರರ್ ಬಂತು, ಗ್ರೇಡಲ್ ಅನ್ನ 7.3ಗೆ ಏರಿಸಿದ್ರೆ ಈಗ 'ಕಂಪೈಲ್' ಮೆಥಡ್ಡೇ ಸಿಗ್ತಿಲ್ಲ ಅಂತಿದೆ ಅಂದ್ರಲ್ಲ, ಇವೆರಡೂ ಬೇರೆ ಬೇರೆ ಸಮಸ್ಯೆ. 61 ಅನ್ನೋದು ಜಾವಾ 17ರ ಕ್ಲಾಸ್ ಫೈಲ್ (ಕಂಪೈಲ್ ಆದ ಕೋಡ್) ನಂಬರು, ಗ್ರೇಡಲ್ 6.8 ಓಡೋದು ಜಾವಾ 15ರ ತನಕ ಮಾತ್ರ, 17ರ ಮೇಲೆ ಓಡ್ಬೇಕಂದ್ರೆ ಕನಿಷ್ಠ 7.3 ಬೇಕು, ಸೋ ನೀವು ಏರಿಸಿದ್ದು ಸರಿಯಾಗೇ ಇದೆ.

ಎರಡನೇದು, ಗ್ರೇಡಲ್ 7.0ರಲ್ಲಿ ಬೇಕಾದ ಲೈಬ್ರರಿಗಳನ್ನ ಸೇರಿಸೋಕೆ ಬಳಸ್ತಿದ್ದ 'ಕಂಪೈಲ್', 'ಟೆಸ್ಟ್‌ಕಂಪೈಲ್', 'ರನ್‌ಟೈಮ್' ಮೂರನ್ನೂ ತೆಗೆದೇಬಿಟ್ರು. ಅವುಗಳ ಜಾಗಕ್ಕೆ 'ಇಂಪ್ಲಿಮೆಂಟೇಶನ್', 'ಟೆಸ್ಟ್‌ಇಂಪ್ಲಿಮೆಂಟೇಶನ್', 'ರನ್‌ಟೈಮ್‌ಓನ್ಲಿ' ಹಾಕಿ. ಆದ್ರೆ ಕಣ್ಮುಚ್ಚಿ ಎಲ್ಲಾ ಕಡೆ ರಿಪ್ಲೇಸ್ ಮಾಡ್ಬೇಡಿ ದಯವಿಟ್ಟು, ಒಂದು ಮಾಡ್ಯೂಲ್‌ನ ಪಬ್ಲಿಕ್ ಮೆಥಡ್‌ನಲ್ಲಿ ಆ ಲೈಬ್ರರಿಯ ಟೈಪ್ ಹೊರಗೆ ಕಾಣ್ತಿದ್ರೆ ಅಲ್ಲಿ 'ಎಪಿಐ' ಬೇಕು, ಅದಕ್ಕೆ ಜಾವಾ-ಲೈಬ್ರರಿ ಪ್ಲಗಿನ್ ಹಾಕಿರ್ಬೇಕು, ಇಲ್ಲಾಂದ್ರೆ ಆ ಮಾಡ್ಯೂಲ್ ಬಳಸೋ ಬೇರೆ ಮಾಡ್ಯೂಲ್‌ಗಳು ಕಂಪೈಲ್ ಆಗಲ್ಲ. ನಾನು ಇದೇ ತಪ್ಪು ಮಾಡಿ ಒಂದಿಡೀ ದಿನ ಕಳ್ಕೊಂಡೆ.

ಲೈಬ್ರರಿ ಪಬ್ಲಿಷ್ ಮಾಡೋಕೆ ಇದ್ದ ಹಳೇ 'ಮೇವನ್' ಪ್ಲಗಿನ್ ಕೂಡ 7ರಲ್ಲಿ ಇಲ್ಲ, 'ಮೇವನ್-ಪಬ್ಲಿಷ್' ಬಳಸಿ.

ಪ್ರಾಜೆಕ್ಟ್ ದೊಡ್ಡದಿದ್ರೆ ಜಾವಾ 11 ಇಟ್ಕೊಂಡು ಮೊದ್ಲು 6.9ಗೆ ಹೋಗಿ, ವಾರ್ನಿಂಗ್ ಮೋಡ್ ಅನ್ನ 'ಆಲ್' ಮಾಡಿ ಬಿಲ್ಡ್ ಓಡ್ಸಿ, ಬರೋ ವಾರ್ನಿಂಗ್ ಎಲ್ಲಾ ಸರಿಮಾಡಿ, ಆಮೇಲೆ 7.3ಗೆ ಬನ್ನಿ. ಆಮೇಲೂ ಎರರ್ ಬಂದ್ರೆ ಡಿಪೆಂಡೆನ್ಸಿ ಬ್ಲಾಕ್ (ಬಿಲ್ಡ್ ಫೈಲಲ್ಲಿ ಲೈಬ್ರರಿಗಳ ಪಟ್ಟಿ ಇರೋ ಭಾಗ) ಪೂರ್ತಿ ಇಲ್ಲಿ ಹಾಕಿ, ನೋಡ್ತೀನಿ.