‘ಆಲ್ಬಂ ಬರ್ತಿದೆ’ ಅಂದರೆ ಯಾವಾಗ? ರೆಗೇ, ಡಾನ್ಸ್‌ಹಾಲ್ ಕೇಳುಗರ ಪ್ರಶ್ನೆಗಳಿಗೆ ಉತ್ತರ

ಜಮೈಕಾದ ಸಂಗೀತ ಪ್ರಕಾರಗಳಾದ ರೆಗೇ, ಡಾನ್ಸ್‌ಹಾಲ್‌ನ ಹೊಸ ಆಲ್ಬಂಗಳ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಒಂದೇ ಥರದವನ್ನು ಸೇರಿಸಿ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ನನ್ನ ಮೆಚ್ಚಿನ ಜಮೈಕನ್ ಗಾಯಕ ಎರಡು ವರ್ಷದಿಂದ ‘ಆಲ್ಬಂ ಬರ್ತಿದೆ’ ಅನ್ನುತ್ತಲೇ ಇದ್ದಾನೆ. ಹೆಸರೂ ಹೇಳಿಯಾಗಿದೆ, ಮೂರು ಹಾಡೂ ಬಂದಿವೆ. ಆಲ್ಬಂ ಮಾತ್ರ ಇಲ್ಲ. ನಂಬಿಕೊಂಡು ಕಾಯಬಹುದೇ?

ಬಿಡುಗಡೆಯ ದಿನ, ಹಾಡುಗಳ ಪೂರ್ತಿ ಪಟ್ಟಿ, ಪ್ರೀ-ಆರ್ಡರ್ ಕೊಂಡಿ ಮೂರೂ ಒಟ್ಟಿಗೆ ಕಾಣುವವರೆಗೆ ಅದನ್ನು ಆಸೆ ಅಂತಲೇ ಲೆಕ್ಕ ಹಾಕಿ. ಹೆಸರು, ಮುಖಪುಟದ ಚಿತ್ರ, ಸ್ಟುಡಿಯೋ ವಿಡಿಯೋ ಇವೆಲ್ಲ ಲೆಕ್ಕಕ್ಕಿಲ್ಲ. ಜಮೈಕಾದ ಗಾಯಕ ಕ್ರೋನಿಕ್ಸ್‌ನನ್ನೇ ನೋಡಿ. ಮೊದಲ ಆಲ್ಬಂ ‘ಕ್ರೋನಾಲಜಿ’ 2017ರ ಜುಲೈನಲ್ಲಿ ಬಂತು. ಮುಂದಿನದು ‘ಡೆಲಾ ಸ್ಪ್ಲ್ಯಾಶ್’ ಎಂದು ಘೋಷಣೆಯಾಯಿತು, ಅದರ ಹೆಸರಿನಲ್ಲಿ ಸಿಂಗಲ್‌ಗಳೂ (ಬಿಡಿ ಹಾಡುಗಳು) ಹೊರಬಂದವು. ವರ್ಷಗಳು ಉರುಳಿದವು. ಕೊನೆಗೆ 2025ರ ಅಕ್ಟೋಬರ್‌ನಲ್ಲಿ ಕೈಗೆ ಸಿಕ್ಕಿದ್ದು ‘ಎಕ್ಸೈಲ್’ ಎಂಬ ಬೇರೆಯೇ ಆಲ್ಬಂ, ಅದೂ ಹೆಚ್ಚು ಸದ್ದುಗದ್ದಲವಿಲ್ಲದೆ.

ತಡವಾದರೆ ಗಾಯಕ ಸೋಮಾರಿ ಅನ್ನುವುದು ಸುಲಭ, ಆದರೆ ಅಸಲಿ ಕಾರಣ ಸಾಮಾನ್ಯವಾಗಿ ಕಾಗದಪತ್ರದಲ್ಲಿರುತ್ತದೆ. ಡಾನ್ಸ್‌ಹಾಲ್‌ನಲ್ಲಿ ಸಂಗೀತದ ತಳಪಾಯ, ಅಂದರೆ ರಿದ್ದಿಮ್, ಸಿದ್ಧಪಡಿಸುವುದು ಪ್ರೊಡ್ಯೂಸರ್. ಗಾಯಕ ಬಂದು ಅದರ ಮೇಲೆ ಹಾಡಿ ಹೋಗುತ್ತಾನೆ. ಬೇರೆ ಮಾತಾಗದಿದ್ದರೆ ಆ ಧ್ವನಿಮುದ್ರಣದ ಮಾಸ್ಟರ್, ಅಂದರೆ ಮೂಲ ಪ್ರತಿ, ಪ್ರೊಡ್ಯೂಸರ್ ಕೈಯಲ್ಲೇ ಉಳಿಯುತ್ತದೆ. ಹದಿನಾಲ್ಕು ಹಾಡಿನ ಆಲ್ಬಂಗೆ ಒಂಬತ್ತು ಪ್ರೊಡ್ಯೂಸರ್‌ಗಳಿದ್ದರೆ ಒಂಬತ್ತು ಒಪ್ಪಂದ ಬೇಕು, ಪ್ರತಿ ಹಾಡಿಗೂ ಯಾರಿಗೆ ಶೇಕಡಾ ಎಷ್ಟು ಎಂಬ ಸಹಿ ಬೇಕು. ಒಬ್ಬ ತಕರಾರು ತೆಗೆದರೆ ಆ ಹಾಡನ್ನು ಬಿಡಬೇಕು, ಇಲ್ಲವೇ ಬೇರೆ ರಿದ್ದಿಮ್ ಮೇಲೆ ಮತ್ತೆ ಹಾಡಿಸಬೇಕು. ಇಷ್ಟರಲ್ಲಿ ಮೊದಲು ಬಿಟ್ಟ ಸಿಂಗಲ್ ಹಳತಾಗಿರುತ್ತದೆ, ‘ಇದನ್ನಿಟ್ಟುಕೊಂಡು ಏನು ಮಾರೋಣ’ ಅಂತ ಲೇಬಲ್ (ಆಲ್ಬಂ ಹೊರತರುವ ಕಂಪನಿ) ಇನ್ನೊಂದು ಸಿಂಗಲ್ ಕೇಳುತ್ತದೆ.

ಆಲ್ಬಂ ನಿಜಕ್ಕೂ ಹತ್ತಿರ ಬಂದಿದೆ ಅನ್ನಲು ನಂಬಬಹುದಾದ ಗುರುತು ಆಪಲ್ ಮ್ಯೂಸಿಕ್‌ನಲ್ಲಿ ಸಿಗುತ್ತದೆ. ಆಲ್ಬಂ ಪುಟ ತೆರೆದಾಗ ಒಂದೆರಡು ಹಾಡು ಕೇಳಲು ಸಿಕ್ಕಿ, ಉಳಿದವು ಹೆಸರು ಮತ್ತು ಅವಧಿ ಸಮೇತ ಮಸುಕಾಗಿ ಕಂಡರೆ ಫೈಲುಗಳು ವಿತರಕರನ್ನು ದಾಟಿ ಅಂಗಡಿ ಸೇರಿವೆ ಎಂದೇ ಅರ್ಥ. ಇದು ಸಾಮಾನ್ಯವಾಗಿ ಬಿಡುಗಡೆಗೆ ಮೂರು-ನಾಲ್ಕು ವಾರ ಮೊದಲು. ಹಾಡುಗಳಿಗೆ ‘ಟ್ರ್ಯಾಕ್ 5’, ‘ಟ್ರ್ಯಾಕ್ 6’ ಎಂದಷ್ಟೇ ಇದ್ದು ದಿನಾಂಕ ಡಿಸೆಂಬರ್ 31 ಎಂದಿದ್ದರೆ ಖುಷಿಪಡಬೇಡಿ. ಖಾಲಿ ಬಿಡಲಾಗದ ಜಾಗಕ್ಕೆ ತುಂಬಿಸಿದ ದಿನಾಂಕ ಅದು.

ಗಾಯಕನ ಇನ್‌ಸ್ಟಾಗ್ರಾಂಗಿಂತ ಲೇಬಲ್‌ನ ಪುಟ ನೋಡುವುದು ಜಾಣತನ. ನ್ಯೂಯಾರ್ಕ್‌ನ ವಿಪಿ ರೆಕಾರ್ಡ್ಸ್ (ಲಂಡನ್‌ನ ಗ್ರೀನ್‌ಸ್ಲೀವ್ಸ್ 2008ರಿಂದ ಇದರದ್ದೇ), ಈಸಿ ಸ್ಟಾರ್, ಕ್ಯಾಲಿಫೋರ್ನಿಯಾದ ಇನೆಫಬಲ್ ಈ ಮೂರನ್ನು ಹಿಂಬಾಲಿಸಿದರೆ ವರ್ಷದ ದೊಡ್ಡ ಬಿಡುಗಡೆಗಳಲ್ಲಿ ಒಳ್ಳೆಯ ಪಾಲು ಕಣ್ಣಿಗೆ ಬೀಳುತ್ತದೆ.

ಪ್ರಶ್ನೆ: ಶುಕ್ರವಾರ ಬಿಡುಗಡೆ ಅಂತಾರೆ. ನಮ್ಮಲ್ಲಿ ಎಷ್ಟು ಗಂಟೆಗೆ?

ಜಗತ್ತಿನಾದ್ಯಂತ ಶುಕ್ರವಾರವೇ ಬಿಡುಗಡೆ ಎಂಬ ಪದ್ಧತಿ 2015ರ ಜುಲೈ 10ರಿಂದ ಇದೆ. ಆಯಾ ದೇಶದ ಮಧ್ಯರಾತ್ರಿಗೆ ಎಂದು ನಿಗದಿಯಾದ ಆಲ್ಬಂ ನಮ್ಮಲ್ಲಿ ಗುರುವಾರ ರಾತ್ರಿ ಹನ್ನೆರಡಾಗುತ್ತಿದ್ದಂತೆ ತೆರೆದುಕೊಳ್ಳುತ್ತದೆ. ಆಗ ಕಿಂಗ್‌ಸ್ಟನ್‌ನಲ್ಲಿ ಗುರುವಾರ ಮಧ್ಯಾಹ್ನ ಒಂದೂವರೆ. ಹಾಡಿದವನ ಊರಿನವರಿಗಿಂತ ಹತ್ತೂವರೆ ಗಂಟೆ ಮೊದಲೇ ನೀವು ಕೇಳಿರುತ್ತೀರಿ. ಎಲ್ಲ ಕಡೆ ಒಟ್ಟಿಗೆ, ನ್ಯೂಯಾರ್ಕ್ ಮಧ್ಯರಾತ್ರಿಗೆ ಎಂದಿದ್ದರೆ ನಮಗೆ ಬೆಳಿಗ್ಗೆ 9:30, ಅಮೆರಿಕದ ಚಳಿಗಾಲದಲ್ಲಿ 10:30. ಜಮೈಕಾದಲ್ಲಿ ಗಡಿಯಾರ ಹಿಂದೆ ಮುಂದೆ ಮಾಡುವ ಪದ್ಧತಿ ಇಲ್ಲ, ಹಾಗಾಗಿ ‘ಜಮೈಕಾ ಮಧ್ಯರಾತ್ರಿ’ ಅಂದರೆ ವರ್ಷವಿಡೀ ನಮ್ಮ 10:30.

ಹಾಡು ಮಾರುವ ತಾಣ ಬ್ಯಾಂಡ್‌ಕ್ಯಾಂಪ್, ‘ಬ್ಯಾಂಡ್‌ಕ್ಯಾಂಪ್ ಫ್ರೈಡೇ’ ಎಂದು ಘೋಷಿಸಿದ ಕೆಲವು ಶುಕ್ರವಾರಗಳಂದು ತನ್ನ ಪಾಲು (ಡಿಜಿಟಲ್‌ಗೆ ಸಾಮಾನ್ಯವಾಗಿ ಶೇ 15) ಬಿಟ್ಟುಕೊಡುವುದರಿಂದ ಕಲಾವಿದನಿಗೆ ಹೆಚ್ಚು ಸೇರುತ್ತದೆ. ಅದು ಕ್ಯಾಲಿಫೋರ್ನಿಯಾ ಸಮಯದ ಮೇಲೆ ನಡೆಯುತ್ತದೆ: ನಮ್ಮ ಶುಕ್ರವಾರ ಮಧ್ಯಾಹ್ನ 12:30ರಿಂದ ಶನಿವಾರ 12:30ರವರೆಗೆ, ಅಲ್ಲಿಯ ಚಳಿಗಾಲದಲ್ಲಾದರೆ 1:30. ಶುಕ್ರವಾರ ಬೆಳಿಗ್ಗೆಯೇ ಅವಸರದಲ್ಲಿ ಕೊಂಡರೆ ಅದು ಮಾಮೂಲಿ ಖರೀದಿ ಅಷ್ಟೇ. ಕಾರ್ಡ್ ನಿರಾಕರಣೆಯಾದರೆ ಮೊದಲು ಬ್ಯಾಂಕ್ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಆನ್‌ಲೈನ್ ವ್ಯವಹಾರದ ಸ್ವಿಚ್ ನೋಡಿ. ರಿಸರ್ವ್ ಬ್ಯಾಂಕಿನ 2020ರ ನಿಯಮದಂತೆ ಹೊಸ ಕಾರ್ಡುಗಳಲ್ಲಿ ಅದು ಆಫ್ ಆಗಿಯೇ ಬರುತ್ತದೆ.

ಪ್ರಶ್ನೆ: ಹೊಸ ಆಲ್ಬಂ ಅಂತ ಹಾಕಿದೆ. ಹನ್ನೆರಡು ಹಾಡು, ಹನ್ನೆರಡು ಗಾಯಕರು, ಹಿಂದೆ ಬಾರಿಸುವುದು ಮಾತ್ರ ಒಂದೇ ಸಂಗೀತ! ಇದು ಮೋಸ ಅಲ್ಲವೇ? ಇನ್ನೊಂದು ವಿಚಿತ್ರ: ನನ್ನ ಮೆಚ್ಚಿನ ಗಾಯಕಿ ಅದರಲ್ಲಿದ್ದರೂ ಅವರ ಪುಟದ ಆಲ್ಬಂ ಪಟ್ಟಿಯಲ್ಲಿ ಅದು ಕಾಣುವುದಿಲ್ಲ.

ಮೋಸ ಅಲ್ಲ, ಡಾನ್ಸ್‌ಹಾಲ್ ನಡೆಯುವುದೇ ಹೀಗೆ. ಅದು ರಿದ್ದಿಮ್ ಆಲ್ಬಂ. ಒಂದೇ ತಳಪಾಯದ ಮೇಲೆ ಯಾರು ಹೇಗೆ ಹಾಡುತ್ತಾರೆ, ಯಾರ ಮಟ್ಟು ಗೆಲ್ಲುತ್ತದೆ ಎಂಬ ಪೈಪೋಟಿಯಲ್ಲೇ ಸ್ವಾರಸ್ಯ. ಸೌಂಡ್ ಸಿಸ್ಟಮ್ (ಕುಣಿತದ ಕೂಟಗಳಲ್ಲಿ ಹಾಡು ಹಾಕುವ ತಂಡ) ನಡೆಸುವವರು ಒಂದೇ ರಿದ್ದಿಮ್‌ನ ಹಾಡುಗಳನ್ನು ತಾಳ ತಪ್ಪದಂತೆ ಒಂದರ ಬೆನ್ನಿಗೆ ಒಂದು ಹಾಕುತ್ತಾ ಹೋಗುತ್ತಾರೆ. ಅದನ್ನು ಜಗ್ಲಿಂಗ್ ಅನ್ನುತ್ತಾರೆ.

ನಮಗೆ ಗುರುತಿರುವ ಹೆಸರಿನದೇ ಒಂದು ಉದಾಹರಣೆ: ದಿವಾಲಿ ರಿದ್ದಿಮ್. ಸ್ಟೀವನ್ ‘ಲೆಂಕಿ’ ಮಾರ್ಸ್‌ಡೆನ್ ಮಾಡಿದ್ದು. ಡ್ರಮ್‌ಗಿಂತ ಮುಂದೆ ನಿಂತು ಕೇಳಿಸುವ ಚಪ್ಪಾಳೆ ಅದರ ಗುರುತು. ತೂಕದ ತಾಳ ಬೀಳಬೇಕಾದ ಜಾಗದಲ್ಲಿ ಚಪ್ಪಾಳೆ ಜಿಗಿದು ಬೀಳುತ್ತದೆ, ಕಾಲು ತಾನಾಗಿ ಕುಣಿಯುತ್ತದೆ. ಶಾನ್ ಪಾಲ್‌ನ ‘ಗೆಟ್ ಬಿಸಿ’, ವೇಯ್ನ್ ವಂಡರ್‌ನ ‘ನೋ ಲೆಟಿಂಗ್ ಗೋ’ ಎರಡೂ ಇದರ ಮೇಲಿನವೇ. ಮೊದಲನೆಯದು 2003ರಲ್ಲಿ ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯ ತುದಿಗೇರಿತು. ಗ್ರೀನ್‌ಸ್ಲೀವ್ಸ್ ಇಡೀ ರಿದ್ದಿಮ್ ಅನ್ನು ಒಂದು ಆಲ್ಬಂ ಆಗಿ ತಂದಿತು. ಜೊತೆಗೆ ಅದೇ ಹಾಡುಗಳು ಶಾನ್ ಪಾಲ್‌ನ ‘ಡಟ್ಟಿ ರಾಕ್’, ವಂಡರ್‌ನ ‘ನೋ ಹೋಲ್ಡಿಂಗ್ ಬ್ಯಾಕ್’ ಆಲ್ಬಂಗಳಲ್ಲೂ ಸೇರಿದವು. ಈಗಲೂ ಹೀಗೇ: ಈ ವರ್ಷ ರಿದ್ದಿಮ್ ಆಲ್ಬಂನಲ್ಲಿ ಕೇಳಿದ ಹಾಡು ಮುಂದಿನ ವರ್ಷ ಗಾಯಕಿಯ ‘ಹೊಸ’ ಆಲ್ಬಂನಲ್ಲಿ ಎದುರಾದರೆ ಆಶ್ಚರ್ಯ ಬೇಡ.

ಪುಟದಲ್ಲಿ ಕಾಣದ್ದಕ್ಕೆ ಕಾರಣ, ಆಲ್ಬಂ ನೋಂದಣಿಯಾಗಿರುವುದು ‘ವೇರಿಯಸ್ ಆರ್ಟಿಸ್ಟ್ಸ್’ ಹೆಸರಿನಲ್ಲಿ. ಸ್ಪಾಟಿಫೈನಲ್ಲಿ ಗಾಯಕಿಯ ಪುಟದ ತಳಕ್ಕೆ ಹೋಗಿ ‘ಅಪಿಯರ್ಸ್ ಆನ್’ ಸಾಲನ್ನು ನೋಡಿ. ಅಲ್ಲಿಗಿಂತ ಉಪಯುಕ್ತ ಇನ್ನೊಂದಿದೆ. ಹುಡುಕುವ ಪೆಟ್ಟಿಗೆಯಲ್ಲಿ ಇಂಗ್ಲಿಷಿನಲ್ಲಿ ಲೇಬಲ್ ಎಂದು ಬರೆದು, ಜಾಗ ಬಿಡದೆ ಕೋಲನ್ ಹಾಕಿ, ಉದ್ಧರಣ ಚಿಹ್ನೆಯೊಳಗೆ ಲೇಬಲ್‌ನ ಹೆಸರು ಕೊಡಿ. ಒಂದು ಜಾಗ ಬಿಟ್ಟು ಇಯರ್ ಎಂದು ಬರೆದು ಕೋಲನ್ ಜೊತೆ ಈ ವರ್ಷದ ಅಂಕಿ ಸೇರಿಸಿ. ಆ ಲೇಬಲ್‌ನ ಈ ವರ್ಷದ ಬಿಡುಗಡೆಗಳು ಸಿಗುತ್ತವೆ, ಗಾಯಕರ ಹೆಸರು ಗೊತ್ತಿಲ್ಲದಿದ್ದರೂ. ಉದ್ಧರಣ ಚಿಹ್ನೆ ಮರೆತರೆ ಹೆಸರಿನ ಮೊದಲ ಪದವನ್ನಷ್ಟೇ ಹಿಡಿದು ಸಂಬಂಧವಿಲ್ಲದ್ದೆಲ್ಲ ಬರುತ್ತದೆ.

ಪ್ರಶ್ನೆ: ಬೇಸಿಗೆಯಲ್ಲಿ ಆಲ್ಬಂಗಳ ಮಳೆ, ಆಮೇಲೆ ಬರಗಾಲ. ಯಾಕೆ?

ಎರಡು ಕಾರಣ. ಒಂದು, ಉತ್ಸವಗಳು: ಮಾಂಟೆಗೋ ಬೇಯ ರೆಗೇ ಸಮ್‌ಫೆಸ್ಟ್ ಜುಲೈನಲ್ಲಿ, ಸ್ಪೇನಿನ ರೊಟೊಟಮ್ ಸನ್‌ಸ್ಪ್ಲ್ಯಾಶ್ ಆಗಸ್ಟ್‌ನಲ್ಲಿ. ಯುರೋಪ್ ಪ್ರವಾಸಕ್ಕೆ ಹೊರಡುವವರು ಮೇ-ಜೂನ್‌ನಲ್ಲೇ ಆಲ್ಬಂ ಬಿಡಲು ನೋಡುತ್ತಾರೆ. ಎರಡು, ಗ್ರ್ಯಾಮಿ. ಅದರ ಅರ್ಹತಾ ವರ್ಷ ಈಚೆಗೆ ಬಹುತೇಕ ಆಗಸ್ಟ್ ಕೊನೆಗೆ ಮುಗಿಯುತ್ತಿದೆ. ಟೂಟ್ಸ್ ಅಂಡ್ ದ ಮೇಟಲ್ಸ್‌ನ ‘ಗಾಟ್ ಟು ಬಿ ಟಫ್’ ಬಂದಿದ್ದು 2020ರ ಆಗಸ್ಟ್ 28ರಂದು, ಗಡುವಿಗೆ ಮುಂಚಿನ ಕಟ್ಟಕಡೆಯ ಶುಕ್ರವಾರ. ಸರಿಯಾಗಿ ಎರಡು ವಾರಕ್ಕೆ ತಂಡದ ಗಾಯಕ ಟೂಟ್ಸ್ ಹಿಬರ್ಟ್ ತೀರಿಕೊಂಡರು. ಮರುವರ್ಷ ಆಲ್ಬಂಗೆ ಗ್ರ್ಯಾಮಿ ಬಂತು. ಫೆಬ್ರುವರಿ ಜಮೈಕಾದ ರೆಗೇ ಮಾಸ, ಆಗಲೂ ಸಣ್ಣದೊಂದು ಸುಗ್ಗಿ ಇರುತ್ತದೆ.

ಪೂರ್ಣ ಆಲ್ಬಂಗೇ ಕಾಯುತ್ತಾ ಕೂರಬೇಡಿ. ಕಾಫಿ ಎಂಬ ಹೆಸರಿನ ಗಾಯಕಿಗೆ 2020ರ ಗ್ರ್ಯಾಮಿ ತಂದುಕೊಟ್ಟ ‘ರ್‍ಯಾಪ್ಚರ್’ ಐದೇ ಹಾಡಿನ ಇಪಿ, ಅಂದರೆ ಕಿರು ಆಲ್ಬಂ. ಆಕೆಯ ಮೊದಲ ಪೂರ್ಣ ಆಲ್ಬಂ ‘ಗಿಫ್ಟೆಡ್’ ಬಂದಿದ್ದು 2022ರ ಮಾರ್ಚ್‌ನಲ್ಲಿ.

ಪ್ರಶ್ನೆ: ರೆಗೇ ಗಾಯಕ ಡೆನಿಸ್ ಬ್ರೌನ್ ಹೆಸರಿನಲ್ಲಿ ‘ಹೊಸ ಬಿಡುಗಡೆ’ ಅಂತ ಸೂಚನೆ ಬರುತ್ತಿರುತ್ತದೆ. ಅವರು ತೀರಿಕೊಂಡು ಎಷ್ಟೋ ವರ್ಷವಾಯಿತಲ್ಲ?

1999ರ ಜುಲೈ 1ರಂದು. ನಿಮಗೆ ಬರುತ್ತಿರುವುದು ಮೂರರಲ್ಲಿ ಒಂದು: ಹಳೆಯ ಆಲ್ಬಂನ ಮರುಬಿಡುಗಡೆ, ಅಲ್ಲಿ ಇಲ್ಲಿ ಹೆಕ್ಕಿದ ಹಾಡುಗಳ ಸಂಕಲನ, ಅಥವಾ ಹಳೆಯ ಧ್ವನಿಗೆ ಹೊಸ ವಾದ್ಯ ಜೋಡಿಸಿದ್ದು. ಮೊದಲನೆಯದು ಕೊಳ್ಳುವಂಥದ್ದು, ಎರಡನೆಯದರಲ್ಲಿ ಕಸ ಜಾಸ್ತಿ, ಮೂರನೆಯದು ಯಾರು ಮಾಡಿದ್ದಾರೆ ಎಂಬುದರ ಮೇಲೆ. ಆಲ್ಬಂ ಪುಟದ ಕಟ್ಟಕಡೆಗೆ, ವೃತ್ತದೊಳಗೆ ಪಿ ಇರುವ ಸಾಲು ನೋಡಿ. ಅಲ್ಲಿ ಹಳೆಯ ಇಸವಿ ಇದ್ದರೆ ಧ್ವನಿಮುದ್ರಣ ಹಳೆಯದೇ. ಹೊಸ ಇಸವಿ ಇದ್ದ ಮಾತ್ರಕ್ಕೆ ಹೊಸದು ಎಂದಲ್ಲ, ಡಿಜಿಟಲ್‌ಗೆ ಏರಿಸಿದ ವರ್ಷವನ್ನೇ ಹಾಕುವವರಿದ್ದಾರೆ. ಆಗ ನಾಲ್ಕು ಹಾಡಿನ ಹೆಸರನ್ನು ಡಿಸ್ಕಾಗ್ಸ್‌ನಲ್ಲಿ (ಧ್ವನಿಮುದ್ರಿಕೆಗಳ ಆನ್‌ಲೈನ್ ಪಟ್ಟಿ) ಹುಡುಕಿ. ಎಪ್ಪತ್ತು ಎಂಬತ್ತರ ದಶಕದ ಸಿಂಗಲ್‌ಗಳಲ್ಲಿ ಸಿಕ್ಕಿದರೆ ಗುಟ್ಟು ರಟ್ಟಾಯಿತು. ಪ್ರೊಡ್ಯೂಸರ್ ಹೆಸರೇ ಇಲ್ಲದ, ಮುಖಪುಟದಲ್ಲಿ ತಾಳೆಮರ ಮತ್ತು ಸೂರ್ಯಾಸ್ತ ಇರುವ ‘ಬೆಸ್ಟ್ ಆಫ್’ಗಳಿಂದ ದೂರವಿರಿ. ಮರುಬಿಡುಗಡೆ ಬೇಕಿದ್ದವರು ಲಂಡನ್‌ನ ಪ್ರೆಶರ್ ಸೌಂಡ್ಸ್, ಸೋಲ್ ಜಾಝ್, ಟೋಕಿಯೊದ ಡಬ್ ಸ್ಟೋರ್ ಪಟ್ಟಿಗಳನ್ನು ನೋಡಲಿ.

ಪ್ರಶ್ನೆ: ಮುಂಬರುವ ಆಲ್ಬಂ ಒಂದನ್ನು ವಿನೈಲ್‌ನಲ್ಲಿ (ಗ್ರಾಮಫೋನ್ ತಟ್ಟೆ) ಲಂಡನ್‌ನಿಂದ ತರಿಸಬೇಕೆಂದಿದ್ದೇನೆ, ಜೊತೆಗೆ ಕೆಲವು ಏಳಿಂಚಿನ ಸಿಂಗಲ್‌ಗಳು. ಏನೇನು ಗಮನಿಸಬೇಕು?

ಮೊದಲು, ವಿನೈಲ್‌ನ ದಿನಾಂಕ ಡಿಜಿಟಲ್ ದಿನಾಂಕವಲ್ಲ. ಲ್ಯಾಕರ್ (ಮೊದಲ ಮೂಲ ತಟ್ಟೆ) ಕೊರೆದು, ಅಚ್ಚು ಮಾಡಿ, ಪರೀಕ್ಷಾ ಪ್ರತಿ ಕೇಳಿ ಒಪ್ಪಿ, ಆಮೇಲೆ ಮುದ್ರಣ. ಪರೀಕ್ಷಾ ಪ್ರತಿ ತಿರಸ್ಕೃತವಾದರೆ ಹಿಂದಿನ ಹಂತಕ್ಕೇ ಮರಳಬೇಕು, ತಿಂಗಳುಗಳು ಹೋಗುತ್ತವೆ. ಹಾಗಾಗಿ ಸ್ಟಾಕ್‌ನಲ್ಲಿರುವ ಸಿಂಗಲ್‌ಗಳನ್ನು ಪ್ರೀ-ಆರ್ಡರ್ ಜೊತೆ ಒಂದೇ ಆರ್ಡರ್‌ನಲ್ಲಿ ಹಾಕಬೇಡಿ. ಹೆಚ್ಚಿನ ಅಂಗಡಿಗಳು ಕೊನೆಯ ಐಟಂ ಬರುವವರೆಗೆ ಇಡೀ ಪೆಟ್ಟಿಗೆ ತಡೆಹಿಡಿಯುತ್ತವೆ. ಹಾಗೆಂದು ಅಂಚೆ ವೆಚ್ಚ ಎರಡು ಸಲ ಬೀಳುವುದೂ ನಿಜ. ಒಂದೇ ಸಿಂಗಲ್ ಆದರೆ ಕಾಯುವುದೇ ಲಾಭ.

ಆಮೇಲೆ ಆಲ್ಬಂನ ಒಟ್ಟು ಅವಧಿ ಕೂಡಿಸಿ. ಹನ್ನೆರಡಿಂಚಿನ ತಟ್ಟೆ ನಿಮಿಷಕ್ಕೆ 33 ಸುತ್ತಿನ ವೇಗದಲ್ಲಿ ಒಂದು ಬದಿಗೆ ಸುಮಾರು 18ರಿಂದ 22 ನಿಮಿಷ ಆರಾಮವಾಗಿ ಹಿಡಿಯುತ್ತದೆ. ಬೇಸ್ (ತಗ್ಗಿನ ಸ್ವರ) ಜಾಸ್ತಿಯಾದಷ್ಟೂ ತಟ್ಟೆಯ ಗೆರೆ ಹೆಚ್ಚು ಅಗಲಕ್ಕೆ ತೂಗಾಡುತ್ತದೆ, ಜಾಗ ಹೆಚ್ಚು ಬೇಕು. 55 ನಿಮಿಷದ ಆಲ್ಬಂ ಒಂದೇ ತಟ್ಟೆಯಲ್ಲಿ ತುರುಕಿದ್ದರೆ ಧ್ವನಿಯ ಮಟ್ಟವನ್ನೋ ಬೇಸನ್ನೋ ತಗ್ಗಿಸಿಯೇ ಇರುತ್ತಾರೆ. ರೆಗೇಗೆ ಬೇಸ್ ಹೋದರೆ ಉಳಿಯುವುದೇನು? ಅಂಥದ್ದು ಎರಡು ತಟ್ಟೆಯಲ್ಲಿದ್ದರೆ ಮಾತ್ರ ಕೊಳ್ಳಿ. 180 ಗ್ರಾಂ ಎಂಬ ಸ್ಟಿಕ್ಕರ್‌ಗೆ ಮರುಳಾಗಬೇಡಿ, ತೂಕದಿಂದ ಧ್ವನಿ ಸುಧಾರಿಸುವುದಿಲ್ಲ, ಅಂಚೆ ವೆಚ್ಚ ಮಾತ್ರ ಏರುತ್ತದೆ.

ಹಣದ ವಿಷಯ: ಬ್ರಿಟನ್ನಿನ ಅನೇಕ ಅಂಗಡಿಗಳು ಹೊರದೇಶದ ಆರ್ಡರ್‌ಗೆ ಅಲ್ಲಿಯ ಶೇ 20ರ ವ್ಯಾಟ್ ಕಳೆಯುತ್ತವೆ. ವಿಳಾಸ ತುಂಬಿದ ಮೇಲೂ ಬೆಲೆ ಇಳಿಯದಿದ್ದರೆ ಹಣ ಕಟ್ಟುವ ಮೊದಲು ಕೇಳಿ. ಇಲ್ಲಿ ಸುಂಕ ಬೀಳುವುದು ತಟ್ಟೆಯ ಬೆಲೆಯ ಮೇಲಷ್ಟೇ ಅಲ್ಲ, ಸಾಗಣೆ ವೆಚ್ಚವೂ ಸೇರಿದ ಮೊತ್ತದ ಮೇಲೆ. ಕೊರಿಯರ್‌ನವರು ಕೆವೈಸಿ ಕೇಳುತ್ತಾರೆ, ಆ ಸಂದೇಶ ನೋಡದೆ ಬಿಟ್ಟರೆ ಪೆಟ್ಟಿಗೆ ಕಸ್ಟಮ್ಸ್‌ನಲ್ಲೇ ಕೊಳೆಯುತ್ತದೆ. ತಟ್ಟೆಯನ್ನು ಹೊರಕವಚದಿಂದ ತೆಗೆದು ಅದರ ಹಿಂದೆ ಇಟ್ಟು ಕಳುಹಿಸಲು ಹೇಳಿ. ಇಲ್ಲವಾದರೆ ದಾರಿಯಲ್ಲಿ ಕುಲುಕಾಟಕ್ಕೆ ತಟ್ಟೆಯ ಅಂಚು ಕವಚದ ಹೊಲಿಗೆಯನ್ನು ಸೀಳುತ್ತದೆ. ಸೀಲ್ ಒಡೆಯಬೇಕಾಗುತ್ತದೆ, ಒಪ್ಪಿಕೊಳ್ಳಿ.

ಜಮೈಕಾದ ಏಳಿಂಚಿನ ಸಿಂಗಲ್‌ಗಳ ನಡುವಿನ ತೂತು ಸಾಮಾನ್ಯವಾಗಿ ದೊಡ್ಡದು, ಸುಮಾರು 38 ಮಿಲಿಮೀಟರ್; ನಿಮ್ಮ ಟರ್ನ್‌ಟೇಬಲ್‌ನ ಕಡ್ಡಿ ಏಳು ಚಿಲ್ಲರೆ. ಲೋಹದ ಅಡಾಪ್ಟರ್ ಒಂದನ್ನು ಅದೇ ಆರ್ಡರ್‌ನಲ್ಲಿ ತರಿಸಿ, ವೇಗ 45ಕ್ಕೆ ತಿರುಗಿಸಿ. ಅಡಾಪ್ಟರ್ ಸರಿಯಾಗಿ ಕೂತಿದ್ದರೂ ಸ್ವರ ತೇಲಿದಂತೆ, ಏರಿಳಿದಂತೆ ಕೇಳಿದರೆ ತೂತೇ ನಡುವಿನಿಂದ ಸರಿದಿದೆ ಎಂದರ್ಥ. ತೋಳು ಪ್ರತಿ ಸುತ್ತಿಗೂ ಎಡಬಲಕ್ಕೆ ಆಡುವುದು ಕಣ್ಣಿಗೇ ಕಾಣುತ್ತದೆ. ಅದನ್ನು ಫೋನಿನಲ್ಲಿ ವಿಡಿಯೋ ಮಾಡಿ ಅಂಗಡಿಗೆ ಕಳುಹಿಸಿ, ಬದಲಿ ಕೇಳಲು ಅದೇ ಸಾಕ್ಷಿ. ಹಿಂಬದಿಯಲ್ಲಿ ಹಾಡು ಇಲ್ಲ, ಬರೀ ವಾದ್ಯ ಎಂದು ಮಾತ್ರ ದೂರಬೇಡಿ. ಅದು ‘ವರ್ಷನ್’, ಅಲ್ಲಿರಬೇಕಾದದ್ದೇ ಅದು.