ಕಾರಿಲ್ಲದೆ ಒಂದೇ ದಿನ ಎಂದರೆ ಈಪರ್

ಬ್ರಸೆಲ್ಸ್‌ನಿಂದ ಒಂದು ದಿನದ ಮಟ್ಟಿಗೆ, ಕಾರಿಲ್ಲದೆ, ಬಾಸ್ಟೋನ್‌ಗೆ ಹೋಗುವುದೋ ಈಪರ್‌ಗೋ ಎಂದು ಕೇಳಿದ್ದೀರಿ. ಎರಡೂ ಬೆಲ್ಜಿಯಂನ ಯುದ್ಧಸ್ಮಾರಕಗಳ ಊರುಗಳು: ಬಾಸ್ಟೋನ್ ಎರಡನೇ ಮಹಾಯುದ್ಧದ್ದು, ಈಪರ್ (Ypres) ಮೊದಲನೆಯದ್ದು. ಕಣ್ಣು ಮುಚ್ಚಿ ಈಪರ್‌ಗೆ ಹೋಗಿ. ಬಾಸ್ಟೋನ್‌ಗೆ ರೈಲೇ ಇಲ್ಲ, ಲಿಬ್ರಮಾಂಟ್‌ನಲ್ಲಿಳಿದು ಬಸ್ ಹಿಡಿಯಬೇಕು.

ಈಪರ್‌ನ ಹಳೆಯ ಬಟ್ಟೆ ವ್ಯಾಪಾರದ ಕಟ್ಟಡ ಕ್ಲಾತ್ ಹಾಲ್‌ನಲ್ಲಿರುವ ಯುದ್ಧದ ಮ್ಯೂಸಿಯಂಗೆ ಮೂರು ಗಂಟೆಯಾದರೂ ಇಟ್ಟುಕೊಳ್ಳಿ. ಮೆನಿನ್ ಗೇಟ್ ಎಂಬ ಸ್ಮಾರಕ ಕಮಾನಿನ ಗೋಡೆಗಳನ್ನಂತೂ ಅವಸರದಲ್ಲಿ ನೋಡಬೇಡಿ. ಸಮಾಧಿಯೂ ಸಿಗದ 54,000ಕ್ಕೂ ಹೆಚ್ಚು ಬ್ರಿಟಿಷ್ ಸಾಮ್ರಾಜ್ಯದ ಸೈನಿಕರ ಹೆಸರುಗಳನ್ನು ಕಮಾನಿನ ಒಳಗೆ, ಮೆಟ್ಟಿಲುಗಳ ಪಕ್ಕದಲ್ಲಿ, ಕತ್ತೆತ್ತಿದಷ್ಟೂ ಎತ್ತರಕ್ಕೆ ಕೆತ್ತಲಾಗಿದೆ. ಭಾರತೀಯರ ಹೆಸರುಗಳೂ ಅವುಗಳ ನಡುವೆ ಇವೆ. 1914ರಲ್ಲೇ ನಮ್ಮ ರೆಜಿಮೆಂಟ್‌ಗಳು ಈ ಕೆಸರಿನಲ್ಲಿ ಕಾದಾಡಿದ್ದವು. (ನಮ್ಮ ಪ್ರವಾಸಿಗರು ಪ್ಯಾರಿಸ್‌ಗೆ ಹೋದಷ್ಟು ಉತ್ಸಾಹದಿಂದ ಇಲ್ಲಿಗೇಕೆ ಬರುವುದಿಲ್ಲವೋ!)

ರಾತ್ರಿ ಎಂಟಕ್ಕೆ ಅಲ್ಲೇ ಮಡಿದ ಸೈನಿಕರ ಗೌರವಕ್ಕೆ ಊದುವ ಲಾಸ್ಟ್ ಪೋಸ್ಟ್ ಕಹಳೆ. ಜನ ಸೇರುತ್ತಾರೆ, ಮೊದಲೇ ಹೋಗಿ ನಿಲ್ಲಿ. ರೈಲು ನಿಲ್ದಾಣ ಊರಿನ ಇನ್ನೊಂದು ತುದಿಯಲ್ಲಿದೆ. ಮರಳುವ ಕೊನೆಯ ರೈಲಿನ ಸಮಯವನ್ನು ಬೆಳಿಗ್ಗೆಯೇ ನೋಡಿಟ್ಟುಕೊಳ್ಳಿ.