ಚೀನಾದ ಚಕ್ರವರ್ತಿಗಳು ಅಮರರಾಗಲು ಪಾದರಸವನ್ನೇ ಏಕೆ ನುಂಗಿದರು?

ಪಾದರಸ ಸತ್ತು ಮತ್ತೆ ಹುಟ್ಟುವಂತೆ ಕಣ್ಣಿಗೆ ಕಾಣುತ್ತಿತ್ತು, ಅದಕ್ಕೆ.

ಕೆಂಪು ಇಂಗಳೀಕವೆಂದರೆ ಪಾದರಸ, ಗಂಧಕ ಕೂಡಿದ ಖನಿಜ. ಅದನ್ನು ಚೆನ್ನಾಗಿ ಕಾಯಿಸಿದರೆ ಗಂಧಕ ಹೊಗೆಯಾಗಿ ಹೋಗುತ್ತದೆ. ಆವಿಯಾದ ಪಾದರಸ ತಣಿದು ಬೆಳ್ಳಿಯಂಥ ಹನಿಗಳಾಗುತ್ತದೆ. ಆ ಹನಿಗಳನ್ನು ಗಾಳಿಯಾಡುವಂತೆ ಸುಮಾರು 350 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬಹಳ ಹೊತ್ತು ಕಾಯಿಸಿದರೆ ಮತ್ತೆ ಕೆಂಪು ಪುಡಿ! ನಿಜಕ್ಕೂ ಅದು ಇಂಗಳೀಕವಲ್ಲ, ಪಾದರಸದ ಆಕ್ಸೈಡ್. ನೋಟಕ್ಕೆ ಮಾತ್ರ ಹಳೆಯದೇ ಮರಳಿದಂತೆ. ಈ ಅಳಿಯದ ಗುಣ ತಿಂದವರ ಮೈಗೂ ಬರುತ್ತದೆಂದು ನಂಬಿದರು.

ಇಂಥ ವಿದ್ಯೆಯನ್ನು ಅರಮನೆಗೆ ತಂದವರು ಫಾಂಗ್‌ಶಿ ಎಂಬ ಮಂತ್ರ-ಮದ್ದಿನ ಪಂಡಿತರು. ಕ್ರಿ.ಪೂ. 133ರ ಸುಮಾರಿಗೆ ಲಿ ಶಾವೊಜುನ್ ಹಾನ್ ಚಕ್ರವರ್ತಿ ವೂಗೆ ಹೇಳಿದ್ದು ಅಷ್ಟು ಅಪಾಯದ್ದಲ್ಲ: ಒಲೆಗೆ ಪೂಜೆ ಮಾಡಿ, ಇಂಗಳೀಕವನ್ನು ಚಿನ್ನವಾಗಿಸಿ, ಆ ಚಿನ್ನದ ಪಾತ್ರೆಯಲ್ಲಿ ಉಣ್ಣುವುದು. ನೇರವಾಗಿ ನುಂಗುವುದು ಮಿತಿಮೀರಿದ್ದು ತಾಂಗ್ ವಂಶದಲ್ಲಿ. ಮೂಜೊಂಗ್ (824), ವೂಜೊಂಗ್ (846), ಶ್ವಾನ್‌ಜೊಂಗ್ (859), ಈ ಮೂವರ ಸಾವಿಗೂ ಇಂಥ ಮದ್ದೇ ಕಾರಣವೆಂದು ಇತಿಹಾಸಕಾರರು ಎಣಿಸುತ್ತಾರೆ.

ಮೈ ತುರಿಸಿ, ಹುಳ ಹರಿದಂತಾದಾಗಲೇ ನಿಲ್ಲಿಸಬೇಕಿತ್ತು. ಆದರೆ ರಸವಿದ್ಯೆಯ ಹೊತ್ತಗೆಗಳು ಅದನ್ನೇ ಮದ್ದು ಹಿಡಿಯುತ್ತಿರುವ ಗುರುತೆಂದು ಹೇಳುತ್ತಿದ್ದವು.